ಟೋಪಿ ಹಾಕಿದ ಸೊನ್ನೆ

ಆ ಮಂಗಳವಾರ ಇಪ್ಪತ್ನಾಲ್ಕು ಕಾರ್ಡುಗಳನ್ನೂ ಬರೆದವಳು ನಾನೇ. ಬೇರೆ ಯಾರ ಮೇಲೂ ಹೊರಿಸುವಂತಿಲ್ಲ.

ಸೊಮುನ್ ಮಾರುಕಟ್ಟೆಯ ಹಾಸಿಗೆ ಅಂಗಡಿಗಳ ಸಾಲಿನಲ್ಲಿ, ಎರಡನೇ ಮಹಡಿಯ ಮೇಲೆ ನಮ್ಮದೊಂದು ಕೋಣೆ ಇದೆ. ವಾರಕ್ಕೊಮ್ಮೆ ಏಳೆಂಟು ಹೆಂಗಸರು ಅಲ್ಲಿ ಸೇರುತ್ತೇವೆ. ಎಲ್ಲರೂ ಒಂದು ಕಾಲಕ್ಕೆ ಇದೇ ಸಾಲಿನಲ್ಲಿ ರಜಾಯಿ ಹೊಲಿದವರು. ಈಗ ಹೊಲಿಯುವುದು ಸ್ತನದ ಕ್ಯಾನ್ಸರಿಗೆ ಆಪರೇಶನ್ ಮಾಡಿಸಿಕೊಳ್ಳುವ ಹೆಂಗಸರಿಗಾಗಿ. ಹೃದಯದ ಆಕಾರದ ದಿಂಬು ಒಂದು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರೆ ತೋಳು ಗಾಯಕ್ಕೆ ತಾಗುವುದಿಲ್ಲ. ಕೊರಳಿಗೆ ನೇತುಹಾಕಿಕೊಳ್ಳುವ ಚೀಲ ಒಂದು. ಗಾಯದಿಂದ ಕೊಳವೆಯಲ್ಲಿ ಇಳಿಯುವ ರಕ್ತದ ಬುಡ್ಡಿಯನ್ನು ಅದರಲ್ಲಿಟ್ಟುಕೊಂಡರೆ ಎರಡು ಕೈಯೂ ಬಿಡುವಾಗುತ್ತವೆ, ನೋಡುವವರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಗುಂಡಿಯಿರುವ ಮೆತ್ತನೆಯ ಅಂಗಿ. ಜೊತೆಗೆ ಒಣಗಿಸಿದ ಕಡಲಸೊಪ್ಪಿನ ಒಂದು ಕಟ್ಟು. ರಕ್ತ ಹೋದ ಮೈಗೆ ಅದರ ಸಾರಿನಂಥದ್ದು ಬೇರೆ ಇಲ್ಲ. ಬಾಣಂತಿಗೆ ನಾವು ಮೊದಲ ತುತ್ತಿಗೆ ಕೊಡುವುದೂ ಅದನ್ನೇ.

ಇವೆಲ್ಲವನ್ನೂ ಚೌಕದ ಬಟ್ಟೆಯಲ್ಲಿಟ್ಟು ಗಂಟು ಕಟ್ಟುವುದು ನನ್ನ ಪಾಲಿನ ಕೆಲಸ. ಎಡಗಣ್ಣಿಗೆ ಪೊರೆ ಬಂದ ಮೇಲೆ ಸೂಜಿಗೆ ದಾರ ಪೋಣಿಸಲು ನನ್ನಿಂದಾಗದು, ಆದರೆ ಗಂಟಿಗೆ ಕಣ್ಣು ಬೇಕಿಲ್ಲ. ನನ್ನ ಗಂಟಿನ ಒಂದು ತುದಿಯನ್ನು ಒಂದೇ ಕೈಯಲ್ಲಿ ಎಳೆದರೂ ಇಡೀ ಬಟ್ಟೆ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಹಾಗೆಯೇ ಇರಬೇಕು. ಅವರ ಇನ್ನೊಂದು ಕೈ ಮೇಲೇಳುವುದಿಲ್ಲವಲ್ಲ.

ಕೂಟ ಕಟ್ಟಿದವಳು ದೊಕ್ಜಾ. ಒಂಬತ್ತು ವರ್ಷದ ಹಿಂದೆ ಅವಳಿಗೂ ಇದೇ ಆಪರೇಶನ್ ಆಗಿತ್ತು. ಪ್ರತಿ ಗಂಟಿನೊಳಗೂ ಇಡುವ ಕಾರ್ಡುಗಳನ್ನು ಯಾವಾಗಲೂ ಅವಳೇ ಬರೆಯುತ್ತಿದ್ದಳು. ಆ ನವೆಂಬರಿನಲ್ಲಿ ಚಳಿಗಾಲಕ್ಕೆ ಕೂಡಿಡುವ ಉಪ್ಪಿನಕಾಯಿ ಕಿಮ್ಚಿಗೆಂದು ಎಂಬತ್ತು ಎಲೆಕೋಸು ಉಪ್ಪು ಹಾಕಿ ತೊಳೆದು ಅವಳ ಮಣಿಕಟ್ಟು ಊದಿಕೊಂಡಿತು.

"ಪಿಲ್ನಾಮಕ್ಕಾ, ಈ ಸಲ ಕಾರ್ಡ್ ನೀನೇ ಬರಿ," ಅಂದಳು.

"ನಾನಾ? ನನ್ನಕ್ಷರ ನೋಡಿದ್ರೆ ಎದ್ದು ಕೂತಿರೋರೂ ಮಲಗಿಬಿಡ್ತಾರೆ."

"ಮೂರು ವರ್ಷದಿಂದ ಶಾಲೆಗೆ ಹೋಗ್ತಿದೀಯಲ್ಲ, ಅಲ್ಲೇನು ಕೂತು ಗೆಣಸು ಸುಡ್ತಿದೀಯಾ? ಬರಿ. 'ಬೇಗ ಗುಣವಾಗಿ' ಅಂತ. ಎರಡೇ ಮಾತು." ಹೀಗೆ ಹೇಳಿ ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಹೊರಟುಹೋದಳು.

ಎಪ್ಪತ್ತನಾಲ್ಕನೇ ವಯಸ್ಸಿಗೆ ನಾನು ಸಂಜೆ ಶಾಲೆಗೆ ಸೇರಿದ್ದು. ಅದಕ್ಕೂ ಮೊದಲು ಬಸ್ಸಿನ ಬಣ್ಣ ನೋಡಿ ಹತ್ತುತ್ತಿದ್ದೆ. ಇಪ್ಪತ್ನಾಲ್ಕು ಕಾರ್ಡು ಮುಂದಿಟ್ಟುಕೊಂಡು ಕುಳಿತೆ. ಹಿಂದಿನ ವಾರವಷ್ಟೇ ಮೇಷ್ಟ್ರು ಸದ್ದಿಲ್ಲದ ಅಕ್ಷರಗಳ ಪಾಠ ಮಾಡಿದ್ದರು. ನಮ್ಮ ಕೊರಿಯನ್ ಬರಹದಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ನಿಲ್ಲುತ್ತದೆ. ಕೆಲವು ಬಾಯಲ್ಲಿ ಕೇಳಿಸುವುದೇ ಇಲ್ಲ, ಆದರೂ ಬರೆಯದಿದ್ದರೆ ತಪ್ಪು. 'ಗುಣವಾಗಿ' ಎನ್ನುವ ಮಾತನ್ನು ಬಾಯಲ್ಲಿ ಹೇಳಿಕೊಂಡು ಕಿವಿಗೆ ಕೇಳಿದಂತೆ ಬರೆದೆ. ಕೆಳಗೆ ಏನೂ ಇಲ್ಲದೆ ಮೊದಲ ಅಕ್ಷರ ಬರಿಗಾಲಲ್ಲಿ ನಿಂತ ಹಾಗೆ ಕಂಡಿತು. ಓದಿದವರು ಹೀಗೆ ಬಿಡುವುದುಂಟೆ ಎಂದು ಅದರ ಕೆಳಗೆ ಟೋಪಿ ಹಾಕಿದ ಸೊನ್ನೆಯಂತಿರುವ ಅಕ್ಷರವೊಂದನ್ನು ಇಟ್ಟೆ. ಚೆನ್ನಾಗಿ ಕಂಡಿತು. ಇಪ್ಪತ್ನಾಲ್ಕಕ್ಕೂ ಇಟ್ಟೆ.

ಬುಧವಾರ ಮಧ್ಯಾಹ್ನ ನಾನೂ ದೊಕ್ಜಾಳೂ ಗಂಟುಗಳನ್ನು ಎರಡು ತಳ್ಳುಗಾಡಿಗಳಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಹೋದೆವು. ಏಳನೇ ಮಹಡಿಯ ನರ್ಸುಗಳೇ ಅವನ್ನು ಹಂಚುವುದು ರೂಢಿ. ದೊಕ್ಜಾ ಅವರೊಡನೆ ಮಾತಿಗೆ ನಿಂತಳು. ಲಿಫ್ಟಿನ ಪಕ್ಕದ ಬೆಂಚಿನಲ್ಲಿ ಆಸ್ಪತ್ರೆಯ ಅಂಗಿ ತೊಟ್ಟ ಒಬ್ಬ ಹುಡುಗಿ ಫೋನಿನಲ್ಲಿದ್ದಳು. ಹುಡುಗಿ ಎಂದರೆ ನನ್ನ ಕಣ್ಣಿಗೆ. ಮೂವತ್ತಮೂರೋ ನಾಲ್ಕೋ ಇದ್ದೀತು.

"ಅಮ್ಮಾ, ಇವತ್ತು ಮಗು ಮಾತು ಬೇಡ ಅಂದ್ನಲ್ಲ. ಎರಡು ವರ್ಷ ಆದ್ಮೇಲೆ ನೋಡೋಣ ಅಂದಿದಾರೆ ಡಾಕ್ಟ್ರು. ಆಮೇಲೂ ಆಗುತ್ತೋ ಇಲ್ವೋ ಯಾರಿಗ್ಗೊತ್ತು. ಇಡ್ತೀನಿ, ಅಮ್ಮಾ. ಇಡ್ತೀನಿ."

ಫೋನಿಟ್ಟ ಮೇಲೂ ಅದನ್ನು ಹಿಡಿದುಕೊಂಡೇ ಕುಳಿತಳು. ನಾನು ಗಾಡಿಯಿಂದ ತಿಳಿಹಸಿರು ಗಂಟೊಂದನ್ನು ತೆಗೆದು ಅವಳ ಮಡಿಲಲ್ಲಿಟ್ಟೆ.

"ಇದೇನಜ್ಜಿ?"

"ನಿಂಗೇ. ಆಪರೇಶನ್ ಯಾವಾಗಮ್ಮ?"

"ನಾಳೆ ಬೆಳಿಗ್ಗೆ. ಮೊದಲ್ನೇದು ನಂದೇ."

ಹೆಸರು ಕೇಳಿದೆ. ಗಾರಮ್ ಅಂದಳು. ಗಂಟಿನ ತುದಿಯನ್ನು ಬೆರಳಿಂದ ಸವರುತ್ತಿದ್ದಳು. ಎಳೆಯುವ ಮೊದಲೇ ನರ್ಸು ಬಂದು ಯಾವುದೋ ಪರೀಕ್ಷೆಗೆ ಕರೆದಳು. "ಬೇಗ ಗುಣವಾಗಮ್ಮ," ಅಂದೆ. "ಆಗ್ತೀನಿ, ಅಜ್ಜಿ," ಅಂದು ಗಂಟನ್ನು ಎದೆಗವಚಿಕೊಂಡು ಹೋದಳು.

ಅಂದು ಸಂಜೆ ತರಗತಿಗೆ ಹೋದಾಗ ನನ್ನ ಚೀಲದಲ್ಲಿ ಇಪ್ಪತ್ತೈದನೆಯ ಕಾರ್ಡಿತ್ತು. ಶಾಯಿ ಚೆಲ್ಲಿದ್ದರಿಂದ ಅದನ್ನು ಕಳಿಸಿರಲಿಲ್ಲ. ತಾಕ್ ಮೇಷ್ಟ್ರಿಗೆ ತೋರಿಸಿ ಒಂದು ಒಳ್ಳೆಯ ಮಾತು ಕೇಳೋಣ ಎಂಬ ಆಸೆ ನನಗೆ. ಅವರು ಅದನ್ನು ಓದಿದರು, ಮತ್ತೆ ಓದಿದರು.

"ಅಜ್ಜಿ, ಇದು ಹೆರಿಗೆ ವಾರ್ಡಿಗಾ?"

"ಅಯ್ಯೋ, ಅಲ್ಲ ಮೇಷ್ಟ್ರೇ. ಕ್ಯಾನ್ಸರ್ ವಾರ್ಡಿಗೆ."

ಮೇಷ್ಟ್ರು ನಿಧಾನವಾಗಿ ಎದ್ದು ಹಲಗೆಯ ಮೇಲೆ ಎರಡು ಸಲ ಅದೇ ಮಾತನ್ನು ಬರೆದರು. ಒಂದರಲ್ಲಿ ಟೋಪಿಯ ಸೊನ್ನೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಬಾಯಲ್ಲಿ ಎರಡೂ ಒಂದೇ. ಟೋಪಿ ಇಲ್ದಿದ್ರೆ ಗುಣವಾಗಿ. ಟೋಪಿ ಇಟ್ರೆ ಹೆರಿ." ನನ್ನ ಮುಖ ನೋಡಿ ಸೇರಿಸಿದರು: "ಕಾಲೇಜು ಓದಿದೋರೂ ಇಲ್ಲಿ ಎಡವ್ತಾರೆ, ಅಜ್ಜಿ. ನಿಜವಾಗ್ಲೂ."

ಪಕ್ಕದಲ್ಲಿದ್ದ ಜೊಮ್ರೆ ಮೇಜು ಗುದ್ದಿ ನಕ್ಕಳು. "ಅಂದ್ರೆ ಇಪ್ಪತ್ನಾಲ್ಕು ಜನಕ್ಕೆ 'ಬೇಗ ಹೆರಿ' ಅಂತ ಬರ್ದು, ಮೇಲಿಂದ ಬಾಣಂತಿ ಸೊಪ್ಪೂ ಕೊಟ್ಟು ಬಂದ್ಯಾ? ದೇಶದಲ್ಲಿ ಮಕ್ಕಳೇ ಹುಟ್ತಿಲ್ಲ ಅಂತ ಸರ್ಕಾರದೋರು ಬಡ್ಕೋತಿದಾರೆ. ನಿಂಗೆ ಪದಕ ಕೊಡ್ತಾರೆ ಬಿಡು!"

ತರಗತಿಯೆಲ್ಲ ನಕ್ಕಿತು. ನನಗೂ ನಗಬೇಕಿತ್ತು. ಆದರೆ ಬೆಂಚಿನಲ್ಲಿ ಫೋನು ಹಿಡಿದು ಕುಳಿತಿದ್ದವಳು ಕಣ್ಣ ಮುಂದೆ ಬಂದಳು. ನನ್ನ ಹೆಸರಿನ ಅರ್ಥ 'ಮುಂದಿನದು ಗಂಡೇ ಆಗಲಿ' ಎಂದು. ನನಗಿಟ್ಟ ಹೆಸರಲ್ಲ ಅದು, ನನ್ನ ನಂತರ ಹುಟ್ಟಬೇಕಿದ್ದವನಿಗಾಗಿ ಇಟ್ಟದ್ದು. ಮದುವೆಯಾಗಿ ಏಳು ವರ್ಷ ನನಗೆ ಮಕ್ಕಳಾಗಲಿಲ್ಲ. ಸುಗ್ಗಿ ಹಬ್ಬದಲ್ಲಿ, ಹೊಸ ವರ್ಷಕ್ಕೆ, ಮಾವನ ತಿಥಿಗೆ, ಅತ್ತೆ ನನ್ನ ಬಟ್ಟಲಿಗೆ ಸಾರು ಬಡಿಸುತ್ತ ಎಲ್ಲರೆದುರು ಅನ್ನುತ್ತಿದ್ದದ್ದು ಒಂದೇ ಮಾತು: "ಬೇಗ ಹೆರು." ಆ ಮಾತು ಕೇಳಿದ ಮೇಲೆ ಸಾರು ಗಂಟಲಲ್ಲಿ ಹೇಗೆ ನಿಲ್ಲುತ್ತದೆಂದು ನನಗೆ ಗೊತ್ತು. ಅದನ್ನೇ ನಾನು, ನನ್ನ ಕೈಯಾರೆ ಬರೆದು, ನಾಳೆ ಕತ್ತರಿಗೆ ಒಡ್ಡಿಕೊಳ್ಳುವ ಹುಡುಗಿಯ ಮಡಿಲಲ್ಲಿಟ್ಟು ಬಂದಿದ್ದೆ.

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ದೊಕ್ಜಾಳನ್ನೂ ಎಬ್ಬಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳದು ಒಂದೇ ರಾಗ.

"ಇಪ್ಪತ್ನಾಲ್ಕು ಕಾರ್ಡ್ ವಾಪಸ್ ಇಸ್ಕೊಳೋಕೆ ನೀನೇನು ಪೊಲೀಸಾ? ಓದಿರ್ತಾರೆ, ನಕ್ಕಿರ್ತಾರೆ, ಮುಗೀತು."

"ಉಳ್ದೋರು ನಗ್ಲಿ. ಆ ಹುಡುಗೀದು ಒಂದನ್ನ ಅವಳು ಓದೋಕೆ ಮುಂಚೆ ತೆಗೀಬೇಕು."

"ಮೊದ್ಲು ಆ ಕಣ್ಣಿನ ಪೊರೆ ತೆಗ್ಸು ಅಂತ ಬಡ್ಕೊಂಡೆ. ಕಂಡಿದ್ರೆ ಬರೀತಿರ್ಲಿಲ್ಲ."

"ಕಣ್ಣಿಗೂ ಅದಕ್ಕೂ ಏನೇ ಸಂಬಂಧ? ಟೋಪಿ ಚೆನ್ನಾಗೇ ಕಂಡಿತ್ತು ನಂಗೆ. ಎಪ್ಪತ್ತೇಳು ವರ್ಷ ಆಯ್ತು, ಇನ್ನು ಕಣ್ಣು ರಿಪೇರಿ ಮಾಡಿಸ್ಕೊಂಡು ಏನು ನೋಡ್ಬೇಕಾಗಿದೆ?"

ಏಳನೇ ಮಹಡಿಗೆ ಹೋಗುವಷ್ಟರಲ್ಲಿ ಎಂಟು ಗಂಟೆ ದಾಟಿತ್ತು. ಗಾರಮ್‌ಳನ್ನು ಒಳಗೆ ಕರೆದೊಯ್ದು ಹತ್ತು ನಿಮಿಷವಾಗಿತ್ತು. ಅವಳ ಖಾಲಿ ಹಾಸಿಗೆಯ ಮೇಲೆ ತಿಳಿಹಸಿರು ಬಟ್ಟೆ ನಾಲ್ಕು ಮಡಿಕೆಯಾಗಿತ್ತು, ದಿಂಬು, ಅಂಗಿ, ಸೊಪ್ಪಿನ ಕಟ್ಟು ಸಾಲಾಗಿದ್ದವು. ಕಾರ್ಡು ಎಲ್ಲೂ ಕಾಣಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಪೊಹಾಂಗಿನ ಮೀನು ವ್ಯಾಪಾರದ ಹೆಂಗಸೊಬ್ಬಳು ಕೊರಳಿಗೆ ನಮ್ಮ ಚೀಲ ನೇತುಹಾಕಿಕೊಂಡು ಕುಳಿತಿದ್ದಳು. ಅವಳಿಗೆ ಸೋಮವಾರವೇ ಆಪರೇಶನ್ ಆಗಿತ್ತಂತೆ.

"ಏನ್ ಹುಡುಕ್ತಿದೀರಿ, ಅಜ್ಜಿ?"

ಕಾರ್ಡು ಎಂದೆ. ಅವಳು ಕಣ್ಣರಳಿಸಿದಳು. "ಅದನ್ನ ಬರ್ದಿದ್ದು ನೀವಾ? ನಂಗೆ ಐವತ್ತೊಂಬತ್ತು, ಅಜ್ಜಿ. ಗಂಡ ಹೋಗಿ ಆರು ವರ್ಷ ಆಯ್ತು. ಬೇಗ ಹೆರಿ ಅಂದ್ರೆ ಎಲ್ಲಿಂದ ಹೆರ್ಲಿ? ನಕ್ಕೂ ನಕ್ಕೂ ಹೊಲಿಗೆ ಬಿಚ್ಚೋಗುತ್ತೆ ಅಂತ ನರ್ಸ್ ಬೈದ್ರು."

"ಈ ಹುಡುಗಿ? ಇವಳೂ ನಕ್ಕಳಾ?"

ಅವಳ ನಗು ಇಳಿಯಿತು. "ಇಲ್ಲ. ಓದಿದ್ಲು. ಪರದೆ ಎಳ್ಕೊಂಡ್ಲು."

ಅಲ್ಲೇ ಗಾರಮ್‌ಳ ಖಾಲಿ ಹಾಸಿಗೆಯ ಅಂಚಿಗೆ ಕುಳಿತೆ. ದೊಕ್ಜಾ ಪಟ್ಟಿ ಕಟ್ಟಿದ ಕೈಯನ್ನು ನನ್ನ ಬೆನ್ನ ಮೇಲಿಟ್ಟಳು. ರೋಗಿಯ ಮನೆಯವರಲ್ಲದವರು ಕೋಣೆಯಲ್ಲಿ ಕೂರುವಂತಿಲ್ಲ ಎಂದು ನರ್ಸು ಎರಡು ಸಲ ಹೇಳಿದಳು. ಮೂರನೇ ಸಲ ಹೇಳುವ ಮೊದಲು ಅವಳಲ್ಲೇ ಒಂದು ಚೀಟಿ ಕೇಳಿ ಇಸಿದುಕೊಂಡೆ. ಬರೆಯಲು ಬಹಳ ಹೊತ್ತು ಹಿಡಿಯಿತು. ಪ್ರತಿ ಮಾತನ್ನೂ ದೊಕ್ಜಾಗೆ ತೋರಿಸಿ ಬರೆದೆ.

'ಟೋಪಿ ನನ್ನ ತಪ್ಪು. ನಾನು ತಡವಾಗಿ ಅಕ್ಷರ ಕಲಿತವಳು. ಹೆರು ಅನ್ನಲಿಲ್ಲ, ಗುಣವಾಗು ಅಂದೆ. ಆ ಮಾತನ್ನು ನಾನು ಯಾರಿಗೂ ಅನ್ನುವವಳಲ್ಲ. ಸೊಮುನ್ ಮಾರುಕಟ್ಟೆ, ಹಾಸಿಗೆ ಸಾಲು, ಎರಡನೇ ಮಹಡಿ. ಪಿಲ್ನಾಮ್.'

ಚೀಟಿಯನ್ನು ಮಡಿಸಿ ಆ ಹೃದಯದ ದಿಂಬಿನ ಕೆಳಗೆ ಇಟ್ಟು ಬಂದೆ.

ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಶಾಲೆಗೆ ಹೋಗಲಿಲ್ಲ. ಆ ಹುಡುಗಿ ಪರದೆಯ ಹಿಂದೆ ಏನು ಮಾಡಿದಳು ಎನ್ನುವುದು ಬಿಟ್ಟರೆ ತಲೆಯಲ್ಲಿ ಬೇರೆ ಇರಲಿಲ್ಲ. ಆಪರೇಶನ್ನಿಗೆ ಹೋಗುವವರ ಮನಸ್ಸು ಗಟ್ಟಿಯಾಗಿರಬೇಕು, ಅರ್ಧ ಗುಣ ಅದರಿಂದಲೇ ಎಂದು ಹೊಸಬರಿಗೆಲ್ಲ ದೊಕ್ಜಾ ಹೇಳುವುದುಂಟು. ಆ ಅರ್ಧವನ್ನು ನಾನು ಮುರಿದಿದ್ದೆನೇ? ಸೋಮವಾರ ಜೊಮ್ರೆ, ಮೇಷ್ಟ್ರು ಕಳಿಸಿದ ಪಾಠದ ಹಾಳೆ ತಂದು ಬಾಗಿಲಲ್ಲಿ ನಿಂತು, "ಟೋಪಿ ಬೇಡ ಅಂದ್ರೆ ತೆಗ್ದಿಡು, ತಲೇನೇ ಯಾಕೆ ತೆಗೀತೀಯ?" ಎಂದು ಬೈದು ಹೋದಳು.

ಮಂಗಳವಾರ ಕೋಣೆಗೆ ಹೋದೆ. ಗಂಟು ಕಟ್ಟುವವಳು ನಾನೊಬ್ಬಳೇ, ಹೋಗದೆ ವಿಧಿಯಿಲ್ಲ. ಹನ್ನೊಂದರ ಸುಮಾರಿಗೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ಗಾರಮ್ ನಿಂತಿದ್ದಳು. ನಮ್ಮ ಅಂಗಿ, ಕಂಕುಳಲ್ಲಿ ನಮ್ಮ ದಿಂಬು, ಕೊರಳಲ್ಲಿ ನಮ್ಮ ಚೀಲ. ಹಿಂದೆ ಅವಳ ಗಂಡ ಎರಡು ಕೈಯಲ್ಲಿ ದೊಡ್ಡದೊಂದು ಕಿತ್ತಳೆ ಪೆಟ್ಟಿಗೆ ಹೊತ್ತಿದ್ದ.

"ಟೋಪಿ ಅಜ್ಜಿ ಯಾರು ಇಲ್ಲಿ?" ಅಂದಳು.

ಹೊಲಿಗೆ ಯಂತ್ರಗಳೆಲ್ಲ ನಿಂತವು. ನಾನು ಏಳಲು ಹೋದೆ. ಅವಳೇ ಬಂದು ನನ್ನೆದುರು ಕುಳಿತಳು.

"ಸುಳ್ಳು ಹೇಳಲ್ಲ, ಅಜ್ಜಿ. ಮೊದ್ಲು ಸಿಟ್ಟು ಬಂತು. ಯಾರೋ ಬೇಕಂತ್ಲೇ ಚುಚ್ಚಿದಾರೆ ಅನ್ನಿಸ್ತು. ನಮ್ಮತ್ತೆ ಫೋನ್ ಮಾಡಿ ಬರೆಸಿದಾರೇನೋ ಅಂತ್ಲೂ ಅನ್ನಿಸ್ತು."

"ಪಾಪ, ಅಮ್ಮ ಅಂಥೋಳಲ್ಲ," ಅಂದ ಗಂಡ ಹಿಂದಿನಿಂದ.

"ನೀನು ಪೆಟ್ಟಿಗೆ ಹಿಡ್ಕೊಂಡು ನಿಂತ್ಕೋ." ಅವಳು ಮತ್ತೆ ನನ್ನತ್ತ ತಿರುಗಿದಳು. "ಪರದೆ ಎಳ್ಕೊಂಡು ಅತ್ಬಿಟ್ಟೆ. ಅಳೋದು ಮುಗಿದ್ಮೇಲೆ ಮತ್ತೆ ನೋಡ್ದೆ. ಅಕ್ಷರ ಒಂದೊಂದೂ ಇಷ್ಟಿಷ್ಟು ದೊಡ್ಡದು. ಒಂದನೇ ಕ್ಲಾಸಿನೋರ ಥರ ಒತ್ತಿ ಬರ್ದಿದ್ದು, ಹಿಂದೆ ತೂತು ಬೀಳೋ ಹಾಗೆ. ಬೇಕಂತ ಚುಚ್ಚೋರು ಇಷ್ಟು ಕಷ್ಟಪಟ್ಟು ಬರೀತಾರಾ ಅನ್ನಿಸ್ತು. ಆಗ ನೀವು ಬೆಂಚಲ್ಲಿ ಹೇಳಿದ್ದು ನೆನಪಾಯ್ತು. ಬಾಯಲ್ಲಿ ಹೇಳಿದ್ದೂ ಇದೇ ಅಲ್ವಾ! ಪರದೆ ಒಳಗೆ ಬಾಯಿಗೆ ಬಟ್ಟೆ ತುರ್ಕೊಂಡು ನಕ್ಕೆ. ಕಾರ್ಡ್ ಅಂಗಿ ಜೇಬಲ್ಲಿಟ್ಕೊಂಡೇ ಒಳಗೆ ಹೋಗಿದ್ದು. ಬಾಗಿಲಲ್ಲಿ ನರ್ಸ್ ಕಿತ್ಕೊಂಡು, ಆಮೇಲೆ ವಾಪಸ್ ಕೊಟ್ರು."

"ಅದ್ಕೇ ಕಾಣ್ಲಿಲ್ಲ," ಅಂದಳು ದೊಕ್ಜಾ.

"ಅದು ಬಿಡಿ. ಎಚ್ಚರ ಆದಾಗ ಇವಳು ಕೇಳಿದ್ದೇನು ಗೊತ್ತಾ?" ಎಂದ ಗಂಡ, ತಡೆಯಲಾರದೆ.

"ನಾನು ಹೇಳ್ತೀನಿ! ಅರೆಮಂಪರು ಅಜ್ಜಿ, ನಂಗೇನೂ ನೆನಪಿಲ್ಲ. ಹಾಸಿಗೆಗೆ ತಂದು ಹಾಕಿದಾಗ ಕಣ್ಣು ಬಿಟ್ಟು 'ಗಂಡೋ ಹೆಣ್ಣೋ?' ಅಂದ್ನಂತೆ. ಇವನು ಹೆದರಿ ಬಿಳಿಚ್ಕೊಂಡು ನಿಂತಿದಾನೆ. ಆಗ ಪಕ್ಕದ ಪೊಹಾಂಗ್ ಅಕ್ಕ ಕೂಗಿದ್ರಂತೆ, 'ಗೆಡ್ಡೆ ಕಣಮ್ಮಾ, ಗೆಡ್ಡೆ! ಸುಖವಾಗಿ ಹೊರಗ್ಬಂತು!'"

ಕೋಣೆಗೆ ಕೋಣೆಯೇ ಸ್ಫೋಟಿಸಿತು. ದೊಕ್ಜಾ ಊದಿದ ಕೈಯಿಂದಲೇ ತೊಡೆ ತಟ್ಟಿಕೊಂಡು, ಅಯ್ಯೋ ಅಯ್ಯೋ ಎಂದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯದು, ಆರು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಗಂಟಿನ ತುದಿಯನ್ನು ಯಾರೋ ಒಂದೇ ಕೈಯಲ್ಲಿ ಎಳೆದಂತಾಯಿತು.

"ತೂಕ ಎಷ್ಟಿತ್ತಮ್ಮ?" ಎಂದು ಕೇಳಿದಳು ಮೂಲೆಯಿಂದ ಒಬ್ಬಳು.

"ತೂಕ ಹೇಳ್ಲಿಲ್ಲ, ಉದ್ದ ಎರಡು ಸೆಂಟಿಮೀಟರ್ ಮೂರು ಮಿಲಿಮೀಟರ್. ಕಂಕುಳಿನ ಗಂಟುಗಳಿಗೆ ಹರಡಿಲ್ಲ ಅಂದ್ರು ಡಾಕ್ಟ್ರು. ಇನ್ನೂ ಚಿಕಿತ್ಸೆ ಇದೆ, ಕೂದಲು ಉದುರುತ್ತೋ ಇಲ್ವೋ ಮುಂದಿನ ವಾರ ಹೇಳ್ತಾರೆ. ಆದ್ರೆ ಹರಡಿಲ್ಲ." ಆ ಮಾತನ್ನು ಅವಳು ಎರಡನೇ ಸಲ ಹೇಳಿದ್ದು ನಮಗಲ್ಲ, ತನಗೇ. "ನಮ್ಮಮ್ಮ ಬಂದು ನಿಮ್ಮ ಸೊಪ್ಪಿನ ಸಾರು ಮಾಡಿ ತಂದ್ರು. ಬಾಣಂತಿ ಥರ ಮೂರು ಹೊತ್ತೂ ಕುಡಿದೆ. ಮಗು ಮಾತು ಎತ್ತಲಿಲ್ಲ ಅಮ್ಮ. ಕಾರ್ಡ್ ತೋರಿಸಿದ್ಮೇಲೆ ಅವರೂ ನಕ್ಕರು. ಆಮೇಲೆ ಇಬ್ರೂ ಕೂತು ಅತ್ವಿ. ಅದೂ ಒಳ್ಳೇದೇ ಆಯ್ತು."

ಗಂಡ ಕಿತ್ತಳೆ ಪೆಟ್ಟಿಗೆ ಇಳಿಸಿದ. ಎಲ್ಲರೂ ಸುಲಿದು ಸುಲಿದು ತಿಂದರು. ಹೊರಡುವಾಗ ಗಾರಮ್ ಚೀಲದೊಳಗಿಂದ, ರಕ್ತದ ಬುಡ್ಡಿಯ ಪಕ್ಕದಿಂದ, ತಾನೇ ಬರೆದ ಒಂದು ಹೊಸ ಕಾರ್ಡು ತೆಗೆದು ನನ್ನ ಕೈಗಿಟ್ಟಳು.

"ಓದಿ, ಅಜ್ಜಿ. ಜೋರಾಗಿ."

ಬಲಗಣ್ಣಿಗೆ ಹತ್ತಿರ ಹಿಡಿದುಕೊಂಡೆ. ಎರಡು ಸಾಲಿತ್ತು. ಮೊದಲನೆಯದರಲ್ಲಿ ಟೋಪಿಯ ಸೊನ್ನೆ ನೆಟ್ಟಗೆ ನಿಂತಿತ್ತು. "ಹೆ-ತ್ತೆ," ಎಂದು ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಸಾಲು ಸಣ್ಣಕ್ಷರದ್ದು, ಮಸಕಾಗಿ ಒಂದರಮೇಲೊಂದು ಕೂಡಿಕೊಂಡಿತು. ದೊಕ್ಜಾ ಓದಿಹೇಳಿದಳು: 'ಟೋಪಿ ಇಲ್ಲದ್ದನ್ನು ಐದು ವರ್ಷ ಬಿಟ್ಟು ಬರೆಯುತ್ತೇನೆ. ಪೂರ್ತಿ ಗುಣ ಅಂತ ಡಾಕ್ಟರು ಆಗಲೇ ಹೇಳುವುದು. ನೀವೇ ಓದಬೇಕು, ಬೇರೆಯವರ ಕೈಲಿ ಓದಿಸುವಂತಿಲ್ಲ.'

"ಐದು ವರ್ಷಕ್ಕೆ ನಂಗೆ ಎಂಬತ್ತೆರಡು, ಕಣಮ್ಮ," ಅಂದೆ.

"ಗೊತ್ತು. ಅದ್ಕೇ ಈಗ್ಲೇ ಹೇಳಿದ್ದು," ಅಂದಳು ಅವಳು.

ಅವರು ಮೆಟ್ಟಿಲಿಳಿದು ಹೋದ ಮೇಲೆ ನಾನು ಆ ವಾರದ ಕಾರ್ಡುಗಳನ್ನು ಎಳೆದುಕೊಂಡೆ. ಈ ಸಲ ಹದಿನೆಂಟು. ಮೊದಲ ಅಕ್ಷರವನ್ನು ಬರಿಗಾಲಲ್ಲೇ ನಿಲ್ಲಿಸಿದೆ, ಹದಿನೆಂಟರಲ್ಲೂ. ದೊಕ್ಜಾ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟಳು. ಕೊನೆಯದು ಮುಗಿದಾಗ ಅವಳಿಗೆ ಹೇಳಿದೆ:

"ನಿನ್ನ ಪರಿಚಯದ ಆ ಕಣ್ಣಿನ ಡಾಕ್ಟ್ರು, ಅವರ ನಂಬರ್ ಇದೆಯಾ?"

"ಇದೆ. ಯಾಕೆ? ನೋಡೋಕೆ ಏನೂ ಉಳ್ದಿಲ್ಲ ಅಂದ್ಯಲ್ಲ."

"ಸಣ್ಣಕ್ಷರ ಉಳ್ದಿದೆ," ಅಂದೆ. "ಫೋನ್ ಮಾಡು."